ಶೀಘ್ರಮೇವ ಪುರಾವೆ ಪ್ರಾಪ್ತಿರಸ್ತು

ಒಂದು ಔಷಧಿ ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ತಿಳಿಯಲು ಹಿಂದಿನವರು ಪಡುತ್ತಿದ್ದ ಪಾಡು ನೆನೆದರೆ ಕರುಳು ಚುರುಕ್ಕೆನ್ನುತ್ತದೆ. ಸಿಸ್ಟಮ್ಯಾಟಿಕ್ ರಿವ್ಯೂ ಎಂದು ಆ ಪಾಡಿನ ಹೆಸರು. ಮೊದಲು ಪ್ರಶ್ನೆಯನ್ನು ಬಿಡಿಸಿ ಬರೆಯಬೇಕು: ಯಾವ ರೋಗಿ, ಯಾವ ಔಷಧಿ, ಯಾವುದಕ್ಕೆ ಹೋಲಿಸಿ, ಯಾವ ಫಲ. ಉತ್ತರವನ್ನು ಹೇಗೆ ಹುಡುಕುತ್ತೇವೆ ಎಂಬುದನ್ನೂ ಮುಂಚೆಯೇ ಬರೆದು ನಾಲ್ಕು ಜನ ನೋಡುವಂತೆ ನೋಂದಾಯಿಸಬೇಕು. ಆಮೇಲೆ ಮಾತು ತಿರುಗಿಸುವಂತಿಲ್ಲ. ಹಲವಾರು ಡೇಟಾಬೇಸ್‌ಗಳನ್ನು ಜಾಲಾಡಬೇಕು, ಅಚ್ಚಾಗದೆ ಮೂಲೆ ಸೇರಿದ ಪ್ರಯೋಗಗಳನ್ನೂ ಕೆದಕಬೇಕು. ಸಿಕ್ಕ ಸಾವಿರಾರು ಸಾರಾಂಶಗಳನ್ನು ಇಬ್ಬರು ಬೇರೆ ಬೇರೆ ಕೂತು ಓದಬೇಕು, ಒಬ್ಬರು ಆರಿಸಿದ್ದು ಇನ್ನೊಬ್ಬರಿಗೆ ಗೊತ್ತಾಗಬಾರದು. ತಕರಾರು ಬಂದರೆ ಮೂರನೆಯವರು ಪಂಚಾಯಿತಿ ಮಾಡಬೇಕು. ಆರಿಸಿದ ಪ್ರತಿಯೊಂದು ಪ್ರಯೋಗದಲ್ಲೂ ಪಕ್ಷಪಾತ ಎಲ್ಲಿ ನುಸುಳಿದೆ ಎಂದು ತೂಗಬೇಕು. ಇಷ್ಟೆಲ್ಲ ಮಾಡಿದ ಮೇಲೆ, ಬಂದ ಉತ್ತರದ ಮೇಲೆ ಎಷ್ಟು ಭರವಸೆ ಇಡಬಹುದು ಎಂದು ತಾವೇ ಅಂಕ ಹಾಕಿಕೊಂಡು, ಬಹಳ ಸಲ ‘ಕಡಿಮೆ’ ಎಂದು ಒಪ್ಪಿಕೊಳ್ಳಬೇಕು. ಓದು ಬರಹ ಕಲಿತ ಜನ ಇಂಥ ಮರ್ಯಾದೆಗೇಡಿನ ಕೆಲಸಕ್ಕೆ ಯಾಕೆ ಕೈ ಹಾಕುತ್ತಿದ್ದರೋ ಕಾಣೆ.

ಕಾಲದ ಲೆಕ್ಕವಂತೂ ಕೇಳಲೇಬೇಡಿ. 2017ರಲ್ಲಿ ಅಚ್ಚಾದ ಒಂದು ಅಧ್ಯಯನ 195 ರಿವ್ಯೂಗಳನ್ನು ಹಿಡಿದು ನೋಡಿತು. ನೋಂದಣಿಯಿಂದ ಪ್ರಕಟಣೆಗೆ ಬರಲು ಅವು ತೆಗೆದುಕೊಂಡದ್ದು ಸರಾಸರಿ 67 ವಾರ. ಕರ್ನಾಟಕದಲ್ಲಿ 2018ರ ಮೇ ತಿಂಗಳಲ್ಲಿ ಸಮ್ಮಿಶ್ರ ಸರ್ಕಾರದ ಮುಖ್ಯಮಂತ್ರಿ ಪ್ರಮಾಣವಚನ ತೆಗೆದುಕೊಂಡ ದಿನವೇ ಇಂಥದೊಂದು ರಿವ್ಯೂಗೆ ಗಣಪತಿ ಪೂಜೆ ಆಗಿದ್ದರೆ, 2019ರ ಜುಲೈನಲ್ಲಿ ಸರ್ಕಾರ ಬಿದ್ದ ದಿನ ಅದರ ಕೆಲಸ ಇನ್ನೂ ಒಂದೂವರೆ ತಿಂಗಳು ಬಾಕಿ ಇರುತ್ತಿತ್ತು. ಕೇಳಿದ ಮಂತ್ರಿಯೇ ಇಲ್ಲದ ಮೇಲೆ ವರದಿಯನ್ನು ಯಾರ ಕೈಗೆ ಕೊಡುವುದು? ಪ್ರಜಾಪ್ರಭುತ್ವಕ್ಕೂ ವಿಜ್ಞಾನಕ್ಕೂ ಜಾತಕ ಕೂಡುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಸಂಕಟ ಹರಿಸಲು ಅವತರಿಸಿದ್ದು ರ್‍ಯಾಪಿಡ್ ರಿವ್ಯೂ, ಅಂದರೆ ತ್ವರಿತ ಪರಾಮರ್ಶೆ. ಕೆಲವು ವಾರಗಳಲ್ಲಿ, ತೀರ ತುರ್ತಾದರೆ ಕೆಲವೇ ದಿನಗಳಲ್ಲಿ, ಉತ್ತರ ಮೇಜಿನ ಮೇಲೆ. ವಿಧಾನ ಬಲು ಸರಳ. ಹುಡುಕುವ ಡೇಟಾಬೇಸ್ ಒಂದೆರಡಕ್ಕೆ ಇಳಿಯುತ್ತದೆ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಬರೆದವರ ಶ್ರಮ ಅವರ ಪಾಲಿಗೇ ಉಳಿಯುತ್ತದೆ. ಇಬ್ಬರು ಓದುವ ಕಡೆ ಒಬ್ಬರು ಓದುತ್ತಾರೆ. ಇದರಿಂದ ನಷ್ಟವಿಲ್ಲವೇ ಎಂದು ಮೂಗು ಮುರಿಯುವವರಿಗಾಗಿಯೇ ಒಂದು ಪ್ರಯೋಗವೂ ನಡೆದು 2020ರಲ್ಲಿ ಪ್ರಕಟವಾಯಿತು. ಸಾರಾಂಶಗಳನ್ನು ಒಬ್ಬರೇ ಜರಡಿ ಹಿಡಿದರೆ ಬೇಕಾದ ಅಧ್ಯಯನಗಳಲ್ಲಿ ನೂರಕ್ಕೆ 13 ಕೈತಪ್ಪುತ್ತವೆ, ಇಬ್ಬರು ಹಿಡಿದರೆ 3. ಒಬ್ಬರ ಸಂಬಳ ಉಳಿಯಿತು, ಹೋದದ್ದು ನೂರರಲ್ಲಿ ಹತ್ತು ಅಧ್ಯಯನ. ಕಳೆದುಹೋದ ಅಧ್ಯಯನ ಠಾಣೆಗೆ ಹೋಗಿ ದೂರು ಕೊಟ್ಟದ್ದು ಇದುವರೆಗೆ ವರದಿಯಾಗಿಲ್ಲ.

ಇನ್ನು ಉತ್ತರವೇ ತಪ್ಪಾದರೆ? ಅದನ್ನೂ ಕೇಳಿ ಆಗಿದೆ. ಮಾರ್ಗಸೂಚಿ ಬರೆಯುವವರನ್ನು, ನೀತಿ ನಿರ್ಧರಿಸುವವರನ್ನು ಒಂದು ಸಮೀಕ್ಷೆ ಮಾತಾಡಿಸಿದಾಗ, ಬೇಗ ಸಿಗುವುದಾದರೆ ನೂರಕ್ಕೆ ಹತ್ತರಷ್ಟು ತಪ್ಪಿನ ಸಾಧ್ಯತೆಯನ್ನು ಸಹಿಸಿಕೊಳ್ಳಬಹುದು ಎಂಬಲ್ಲಿಗೆ ಅವರ ಉದಾರತೆ ಬಂದು ನಿಂತಿತು. ಮಾತ್ರೆ ನುಂಗುವವರನ್ನು ಆ ಸಮೀಕ್ಷೆ ಕೇಳಲಿಲ್ಲ. ಕೇಳಿದ್ದರೆ ಅದೂ ತಡವಾಗುತ್ತಿತ್ತು.

ಆದರೆ ಒಳ್ಳೆಯ ಕೆಲಸಕ್ಕೆ ವಿಘ್ನ ತಪ್ಪಿದ್ದಲ್ಲ. ತ್ವರಿತ ಪರಾಮರ್ಶೆಯನ್ನೇ ಕಸುಬು ಮಾಡಿಕೊಂಡ ತಜ್ಞರು, ಅದೂ ಸಿಸ್ಟಮ್ಯಾಟಿಕ್ ರಿವ್ಯೂಗಳಿಗೇ ಹೆಸರಾದ ಕಾಕ್ರೇನ್ ಸಂಸ್ಥೆಯಂಥ ಕಡೆ ಒಂದು ಗುಂಪನ್ನೇ ಕಟ್ಟಿಕೊಂಡು ಕೂತವರು, ಇದಕ್ಕೂ ನಿಯಮ ಬರೆದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯೂ 2017ರಲ್ಲಿ ಒಂದು ಕೈಪಿಡಿ ತಂದಿತು. ಅವರ ಪ್ರಕಾರ ಅವಸರಕ್ಕೆ ಕಾರಣ ಬೇಕು: ನಿಜವಾಗಿ ತುರ್ತಿರಬೇಕು, ಪ್ರಶ್ನೆ ಇಕ್ಕಟ್ಟಾಗಿರಬೇಕು, ಉತ್ತರ ಬಳಸುವವರು ಮೊದಲಿನಿಂದಲೂ ಜೊತೆಗೆ ಕೂತಿರಬೇಕು, ಯಾವ್ಯಾವ ಹೆಜ್ಜೆಯನ್ನು ಹಾರಿಸಿದೆವು ಎಂಬುದನ್ನು ಬಾಯಿ ಬಿಟ್ಟು ಹೇಳಬೇಕು. ಒಬ್ಬರೇ ಓದಿದರೂ ಅವರು ತಳ್ಳಿಹಾಕಿದ ಸಾರಾಂಶಗಳನ್ನೆಲ್ಲ ಇನ್ನೊಬ್ಬರು ಮತ್ತೆ ನೋಡಬೇಕಂತೆ. ಹೀಗಾದರೆ ಅವಸರಕ್ಕೂ ಸಾವಧಾನಕ್ಕೂ ಏನು ವ್ಯತ್ಯಾಸ ಉಳಿಯಿತು? ಆತುರದ ಸಹಜ ಸೌಂದರ್ಯವನ್ನು ಇವರು ಹೀಗೆ ಲಗಾಮು ಹಾಕಿಯೇ ಕೆಡಿಸುವುದು.

ಆಡಳಿತ ಬಲ್ಲವರಿಗೆ ಈ ನಿಯಮಗಳ ಹಂಗಿಲ್ಲ. ಯಾವುದೇ ಊರಿನ ಯಾವುದೇ ಇಲಾಖೆಯಲ್ಲಿ ನಡೆಯಬಹುದಾದ ಒಂದು ಸಂಭಾಷಣೆಯನ್ನು ಊಹಿಸಿಕೊಳ್ಳಿ. ಒಂದು ಕಡೆ ಸಾಹೇಬರು, ಇನ್ನೊಂದು ಕಡೆ ವೈದ್ಯಕೀಯ ಗ್ರಂಥಾಲಯದಿಂದ ಬಂದ ಹೆಣ್ಣುಮಗಳು, ಕೈಯಲ್ಲಿ ನೋಟ್‌ಬುಕ್.

“ಸರ್, ಪ್ರಶ್ನೆ ಏನು ಅಂತ ಹೇಳಿದ್ರೆ ಹುಡುಕೋಕೆ ಶುರು ಮಾಡ್ತೀನಿ.”

“ಪ್ರಶ್ನೆ ನೀವೇ ಒಂದು ಬರ್ಕೊಳ್ಳಿ. ಉತ್ತರ ಫೈಲಲ್ಲಿದೆ.”

“ಇದರ ಮೇಲೆ ಆಗಲೇ ಒಂದು ಪೂರ್ತಿ ರಿವ್ಯೂ ಇದೆ ಸರ್, ಹೋದ ವರ್ಷದ್ದು. ಅದನ್ನೇ ನೋಡಬಹುದಲ್ವಾ?”

“ಅದರಲ್ಲಿ ಏನಿದೆ?”

“ಉಪಯೋಗ ಇಲ್ಲ ಅಂತ.”

“ಹಳೇದಾಯ್ತು ಬಿಡಿ. ಶುಕ್ರವಾರ ನಾಲ್ಕು ಗಂಟೆಗೆ ಪ್ರೆಸ್‌ಮೀಟ್ ಇದೆ. ಹೊಸದು ಮಾಡಿ.”

“ಇನ್ನೊಂದೇ ಮಾತು ಸರ್. ಈಗ ಮಾಡೋದ್ರಲ್ಲೂ ಉತ್ತರ ‘ಬೇಡ’ ಅಂತ ಬಂದ್ರೆ, ಯೋಜನೆ ನಿಲ್ಲಿಸ್ತೀರಾ?”

“ಹೇಗಮ್ಮಾ ನಿಲ್ಲಿಸೋದು? ಟೆಂಡರ್ ಆಗಿದೆ.”

ಪುರಾವೆಯ ವಿಚಾರದಲ್ಲಿ ಇದಕ್ಕಿಂತ ಮುಂದುವರಿದ ನಿಲುವನ್ನು ನಾನು ಕಂಡಿಲ್ಲ. ಉತ್ತರ ಏನೇ ಬಂದರೂ ತೀರ್ಮಾನ ಬದಲಾಗುವುದಿಲ್ಲ ಎಂದಾದರೆ, ಪರಾಮರ್ಶೆ ಎಷ್ಟು ಬೇಗ ಆದರೂ ನಷ್ಟವಿಲ್ಲ. ಇಬ್ಬರು ಓದಿದರೂ ಅಷ್ಟೆ, ಒಬ್ಬರು ಓದಿದರೂ ಅಷ್ಟೆ, ಯಾರೂ ಓದದಿದ್ದರೂ ಅಷ್ಟೆ. ಆ ಹೆಣ್ಣುಮಗಳು ಮಾತ್ರ ವೃಥಾ ತಲೆ ಕೆಡಿಸಿಕೊಳ್ಳುತ್ತಾಳೆ. ತಪ್ಪಾದರೆ ವಾಪಸ್ ತೆಗೆದುಕೊಳ್ಳುವ ಹಾಗಿದೆಯೇ, ತಪ್ಪಿನ ಬೆಲೆ ಯಾರು ತೆರಬೇಕು, ಕಾಯುವುದರಿಂದ ಹೋಗುವ ಜೀವ ಹೆಚ್ಚೋ ಅವಸರದಿಂದ ಹೋಗುವ ಜೀವ ಹೆಚ್ಚೋ ಎಂದೆಲ್ಲ ಬರೆದುಕೊಂಡಿದ್ದಾಳೆ. ಆ ನೋಟ್‌ಬುಕ್ಕನ್ನು ಯಾರೂ ಕೇಳಿ ಪಡೆಯದಿರುವುದು ಇಲಾಖೆಯ ಸೌಜನ್ಯ.

ಅವಸರದ ಇತಿಹಾಸ ಬರೆಯುವವರು 2020ರ ಮಾರ್ಚ್ ತಿಂಗಳಿಗೆ ಒಂದು ಸಂಪುಟವನ್ನೇ ಮೀಸಲಿಡಬೇಕು. ಕೋವಿಡ್ ಯುರೋಪನ್ನು ಹಿಂಡುತ್ತಿದ್ದ ದಿನಗಳು. ಫ್ರಾನ್ಸಿನ ಮಾರ್ಸೇ ನಗರದ ತಂಡವೊಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಹಳೆಯ ಮಾತ್ರೆಯಿಂದ ವೈರಾಣು ಬೇಗ ಮಾಯವಾಗುತ್ತದೆ ಎಂಬ ಪ್ರಬಂಧವನ್ನು ಮಾರ್ಚ್ 16ಕ್ಕೆ ಪತ್ರಿಕೆಗೆ ಕಳಿಸಿತು. 17ಕ್ಕೆ ಅದು ಸ್ವೀಕೃತವಾಯಿತು. 20ಕ್ಕೆ ಲೋಕಾರ್ಪಣೆ. ಪ್ರಬಂಧದ ಲೇಖಕರಲ್ಲಿ ಒಬ್ಬರು ಅದೇ ಪತ್ರಿಕೆಯ ಪ್ರಧಾನ ಸಂಪಾದಕರು. ಮನೆಯವರೇ ಆದ್ದರಿಂದ ಬಾಗಿಲಲ್ಲಿ ಕಾಯಿಸಲಿಲ್ಲ. ಮಾತ್ರೆ ಪಡೆದವರು 26 ಜನ, ಪಡೆಯದವರು 16. ಪಡೆದ 26ರಲ್ಲಿ ಆರು ಜನರನ್ನು ಲೆಕ್ಕದಿಂದ ಕೈಬಿಟ್ಟರು: ಮೂವರು ತೀವ್ರ ನಿಗಾ ಘಟಕಕ್ಕೆ ಹೋದರು, ಒಬ್ಬರು ತೀರಿಕೊಂಡರು, ಒಬ್ಬರು ಆಸ್ಪತ್ರೆ ಬಿಟ್ಟು ಹೊರಟರು, ಒಬ್ಬರು ಓಕರಿಕೆ ಬಂದು ಮಾತ್ರೆ ನಿಲ್ಲಿಸಿದರು. ಸತ್ತವರೂ ಸಾಯುವ ಸ್ಥಿತಿಯವರೂ ಲೆಕ್ಕದಲ್ಲಿ ಇಲ್ಲದ ಮೇಲೆ ಉಳಿದವರ ಆರೋಗ್ಯ ಸಮಾಧಾನಕರವಾಗಿಯೇ ಇತ್ತು.

ಮುಂದಿನ ವೇಗ ನೋಡಿ. ಪ್ರಬಂಧ ಬೆಳಕು ಕಂಡ ಮರುದಿನ, 21ಕ್ಕೆ, ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಟ್ವೀಟ್ ಮಾಡಿ ಅದನ್ನು ಕೊಂಡಾಡಿದರು. 28ಕ್ಕೆ ಅಮೆರಿಕದ ಔಷಧ ನಿಯಂತ್ರಕರು ತುರ್ತು ಬಳಕೆಗೆ ಅನುಮತಿ ಕೊಟ್ಟರು. ನಾವೇನೂ ಹಿಂದೆ ಬೀಳಲಿಲ್ಲ. ಜನತಾ ಕರ್ಫ್ಯೂ ನಡೆದು ಸಂಜೆ ಐದಕ್ಕೆ ತಟ್ಟೆ ಬಡಿದ ಮಾರ್ಚ್ 22ರ ತಾರೀಖಿನಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕಾರ್ಯಪಡೆಯ ಸಲಹಾಪತ್ರ ಹೊರಟಿತು: ಕೋವಿಡ್ ರೋಗಿಗಳನ್ನು ನೋಡಿಕೊಳ್ಳುವ ಆರೋಗ್ಯವಂತ ಸಿಬ್ಬಂದಿ ಮೊದಲ ದಿನ 400 ಮಿಲಿಗ್ರಾಂ ಎರಡು ಸಲ, ಆಮೇಲೆ ವಾರಕ್ಕೊಂದು ಸಲದಂತೆ ಏಳು ವಾರ ನುಂಗುವುದು. ಮಾತ್ರೆ ಸೋಂಕನ್ನು ತಡೆಯುತ್ತದೆ ಎಂಬುದಕ್ಕೆ ಆಗ ಮನುಷ್ಯರ ಮೇಲಿನ ಒಂದು ಪ್ರಯೋಗವೂ ಮುಗಿದಿರಲಿಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಮಾತ್ರ ಗುಣ ಕಂಡಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ ಎಂಬ ಗಾದೆಯನ್ನು ನಮ್ಮ ಹಿರಿಯರು ಹೀಯಾಳಿಸಲು ಬಳಸುತ್ತಿದ್ದರು. ಕೊಟ್ಟಿಗೆಯನ್ನು ಮೊದಲೇ ಗುಡಿಸಿ ಇಟ್ಟುಕೊಂಡವರ ಸಿದ್ಧತೆ ಅವರ ಕಣ್ಣಿಗೆ ಬೀಳಲಿಲ್ಲ.

ಮಾತ್ರೆಗೆ ಬಂದ ಬೇಡಿಕೆಗೆ ಔಷಧಿ ಅಂಗಡಿಗಳು ಖಾಲಿಯಾದವು. 26ಕ್ಕೆ ಕೇಂದ್ರ ಸರ್ಕಾರ ಅದನ್ನು ಷೆಡ್ಯೂಲ್ ಎಚ್1 ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಕೊಡಬೇಡಿ ಎಂದು ಬಿಗಿ ಮಾಡಿತು. ಲೂಪಸ್‌ಗೆ, ಕೀಲುವಾತಕ್ಕೆ ವರ್ಷಗಟ್ಟಲೆ ಅದೇ ಮಾತ್ರೆ ನುಂಗುತ್ತಿದ್ದವರಿಗೆ, ತಾವು ಇಷ್ಟು ದಿನ ಎಂಥ ಅಮೂಲ್ಯ ವಸ್ತುವನ್ನು ಸಾಧಾರಣವೆಂದು ತಿಳಿದಿದ್ದೆವು ಎಂಬ ಅರಿವು ಮೂಡಿಸಿದ ಕೀರ್ತಿಯೂ ಆ ವಾರದ್ದೇ.

ಏಪ್ರಿಲ್‌ನಲ್ಲಿ ಭಾರತ ಆ ಮಾತ್ರೆಯ ರಫ್ತಿಗೆ ಒಪ್ಪಿದಾಗ, ಬ್ರೆಜಿಲ್ ಅಧ್ಯಕ್ಷ ಬೊಲ್ಸೊನಾರೊ ನಮ್ಮ ಪ್ರಧಾನಿಗೆ ಬರೆದ ಪತ್ರದಲ್ಲಿ ಹನುಮಂತ ಹಿಮಾಲಯದಿಂದ ಔಷಧಿ ತಂದದ್ದನ್ನು ನೆನೆದರು. ಹೋಲಿಕೆ ಕೇಳಲು ಇಂಪಾಗಿದೆ, ಆದರೆ ಹನುಮಂತನ ಕಾರ್ಯವಿಧಾನ ನನಗೆ ಒಪ್ಪಿಗೆಯಾಗಿಲ್ಲ. ಲಕ್ಷ್ಮಣ ಬಿದ್ದಿದ್ದಾನೆ, ಬೆಳಗಾಗುವುದರೊಳಗೆ ಮೂಲಿಕೆ ಬೇಕು, ತುರ್ತೆಂದರೆ ತುರ್ತು. ಅಂಥ ಹೊತ್ತಿನಲ್ಲಿ ಅವನು ಮಾಡಿದ್ದೇನು? ತನಗೆ ಗಿಡ ಗುರುತಿಸಲು ಬರುವುದಿಲ್ಲ ಎಂದು ಒಪ್ಪಿಕೊಂಡು, ಒಂದನ್ನೂ ಬಿಡದೆ ಇಡೀ ಬೆಟ್ಟವನ್ನೇ ಹೊತ್ತು ತಂದ. ಆರಿಸುವ ಕೆಲಸವನ್ನು ಬಲ್ಲವನಾದ ಸುಷೇಣನಿಗೆ ಬಿಟ್ಟ. ವೇಗವನ್ನೆಲ್ಲ ಹಾರಾಟದಲ್ಲಿ ತೋರಿಸಿ, ಹುಡುಕಾಟದಲ್ಲಿ ಎಳ್ಳಷ್ಟೂ ಉಳಿತಾಯ ಮಾಡಲಿಲ್ಲ. ಈಗಿನ ಸಲಹೆಗಾರರಾಗಿದ್ದರೆ ಬೆಟ್ಟದ ಬುಡದಲ್ಲಿ ಮೊದಲು ಸಿಕ್ಕ ಪೊದೆಯಿಂದ ಒಂದು ಎಲೆ ಕಿತ್ತು, ಮೇಲೊಂದು ಪತ್ರ ಲಗತ್ತಿಸಿ, ಸಂಜೆಯೊಳಗೆ ಲಂಕೆಗೆ ತಲುಪಿಸುತ್ತಿದ್ದರು. ಬೆಟ್ಟ ವಾಪಸ್ ಇಡುವ ಖರ್ಚೂ ಉಳಿಯುತ್ತಿತ್ತು.

ಮಾತ್ರೆಯ ಪರ ಇದ್ದವರಿಗಷ್ಟೇ ಅವಸರದ ಗುತ್ತಿಗೆ ಎಂದು ಯಾರೂ ತಿಳಿಯಬಾರದು. ಮೇ 22ರಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದೇ ಮಾತ್ರೆ ಸಾವು ಹೆಚ್ಚಿಸುತ್ತದೆ ಎಂಬ ಪ್ರಬಂಧ ಬಂತು: 671 ಆಸ್ಪತ್ರೆಗಳು, ಆರು ಖಂಡಗಳು, 96,032 ರೋಗಿಗಳು. ಸರ್ಜಿಸ್ಫಿಯರ್ ಎಂಬ ಪುಟ್ಟ ಕಂಪನಿಯ ಬಳಿ ಇಷ್ಟೊಂದು ರೋಗಿಗಳ ದಾಖಲೆ ಎಲ್ಲಿಂದ ಬಂತು ಎಂದು ಅಚ್ಚಾಗುವ ಮುನ್ನ ಕೇಳುವಷ್ಟು ಒರಟುತನ ಯಾರಿಗೂ ಇರಲಿಲ್ಲ. ಮೂರೇ ದಿನದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದಲ್ಲಿ ಆ ಮಾತ್ರೆಯ ಭಾಗವನ್ನು ತಡೆಹಿಡಿದಿರುವುದಾಗಿ ಘೋಷಿಸಿತು. ಹದಿಮೂರನೆಯ ದಿನ, ಜೂನ್ 4ಕ್ಕೆ, ಮೂಲ ದಾಖಲೆ ತೋರಿಸಲು ಕಂಪನಿ ಒಪ್ಪದ ಕಾರಣ ಪ್ರಬಂಧ ವಾಪಸಾಯಿತು. ಅದಕ್ಕೂ ಮುನ್ನವೇ ಪ್ರಯೋಗ ಮತ್ತೆ ಶುರುವಾಗಿತ್ತು. ಇತ್ತ ಭಾರತದಲ್ಲಿ ಅದೇ ಮೇ 22ರ ಆಸುಪಾಸಿನಲ್ಲಿ ಪರಿಷ್ಕೃತ ಸಲಹಾಪತ್ರ ಹೊರಬಂದು, ಪೊಲೀಸರನ್ನೂ ಮುಂಚೂಣಿಯ ಇತರ ಕಾರ್ಯಕರ್ತರನ್ನೂ ಮಾತ್ರೆಯ ತೆಕ್ಕೆಗೆ ಸೇರಿಸಿಕೊಂಡಿತು. ಒಂದೇ ವಾರದಲ್ಲಿ ಒಂದೇ ಮಾತ್ರೆ ಒಂದು ಕಡೆ ನಿಂತಿತು, ಇನ್ನೊಂದು ಕಡೆ ಹಬ್ಬಿತು. ವೈವಿಧ್ಯ ಎಂದರೆ ಇದು.

ಇಷ್ಟು ಸೊಗಸಾಗಿ ನಡೆಯುತ್ತಿದ್ದಾಗ ಅವಸರದ ಹೆಸರನ್ನೇ ಕೆಡಿಸಿದವರು ಕೆಲವರಿದ್ದಾರೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನವರು ರಿಕವರಿ ಎಂಬ ಪ್ರಯೋಗವನ್ನು ಅದೇ ಮಾರ್ಚ್‌ನಲ್ಲಿ ಶುರು ಮಾಡಿದ್ದರು. ಅವರಿಗೂ ಅವಸರ. ಆದರೆ ಎಂಥ ರಸಹೀನ ಅವಸರ! ಯಾರಿಗೆ ಯಾವ ಔಷಧಿ ಎಂಬುದನ್ನು ವೈದ್ಯರ ಮನಸ್ಸಿಗೆ ಬಿಡದೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹಂಚಿದರು. ಫಾರಂ ಚಿಕ್ಕದು ಮಾಡಿದರು, ಆಸ್ಪತ್ರೆಗಳನ್ನು ದೇಶದ ತುಂಬ ಸೇರಿಸಿಕೊಂಡರು, ಸತ್ತವರನ್ನು ಲೆಕ್ಕದಿಂದ ಬಿಡಲಿಲ್ಲ. ಹೈಡ್ರಾಕ್ಸಿಕ್ಲೋರೋಕ್ವಿನ್ ಪಡೆದ 1,561 ರೋಗಿಗಳಲ್ಲಿ 28 ದಿನದೊಳಗೆ ಶೇಕಡಾ 27 ಜನ ತೀರಿಕೊಂಡರು, ಪಡೆಯದ 3,155ರಲ್ಲಿ ಶೇಕಡಾ 25. ಉಪಯೋಗವಿಲ್ಲ ಎಂಬ ಮುಖ್ಯ ಮಾತನ್ನು ಜೂನ್ 5ರಂದೇ ಹೇಳಿಬಿಟ್ಟರು. ಹತ್ತು ದಿನ ಕಳೆದು ಅಮೆರಿಕದ ತುರ್ತು ಅನುಮತಿ ರದ್ದಾಯಿತು. ಮಿನ್ನೆಸೋಟ ವಿಶ್ವವಿದ್ಯಾಲಯದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ರೋಗಿಗಳ ಸಂಪರ್ಕಕ್ಕೆ ಬಂದ 821 ಜನರ ಮೇಲೆ ಮಾತ್ರೆಯನ್ನು ಪರೀಕ್ಷಿಸಿ, ಸೋಂಕು ತಡೆಯುವುದಿಲ್ಲ ಎಂದು ಜೂನ್ 3ಕ್ಕೇ ಅಚ್ಚು ಹಾಕಿಸಿದ್ದರು. ನಮ್ಮ ಸಲಹಾಪತ್ರ ಹೊರಟ ಎರಡೂವರೆ ತಿಂಗಳೊಳಗೆ! ಕಾಯಬೇಕಾಗಿದ್ದರೆ ಎಷ್ಟು ಕಾಯಬೇಕಾಗುತ್ತಿತ್ತು ಎಂದು ಹೀಗೆ ಎಲ್ಲರೆದುರು ತೋರಿಸಿಕೊಡುವುದು ಸಭ್ಯತೆಯಲ್ಲ.

ಅದೇ ರಿಕವರಿಯಲ್ಲಿ ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೆರಾಯ್ಡ್ ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರನೇ ಒಂದು ಭಾಗದಷ್ಟು ತಗ್ಗಿಸಿದ್ದು ಜೂನ್ 16ಕ್ಕೆ ಗೊತ್ತಾಯಿತು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ತಂಡವೊಂದು ಮಾಡಿದ ಕೆಲಸವನ್ನು ಹೇಳಲು ನಾಲಿಗೆ ಬರುವುದಿಲ್ಲ. ಸ್ಟೆರಾಯ್ಡ್ ಪ್ರಯೋಗ ಎಲ್ಲೆಲ್ಲಿ ನಡೆಯುತ್ತಿದೆ ಎಂದು ಪತ್ತೆ ಹಚ್ಚಿ, ಏನನ್ನು ಹೇಗೆ ಕೂಡಿಸುತ್ತೇವೆ ಎಂದು ಮುಂಚಿತವಾಗಿ ಬರೆದಿಟ್ಟು, ಏಳು ಪ್ರಯೋಗಗಳ 1,703 ರೋಗಿಗಳ ಫಲಿತಾಂಶ ಒಟ್ಟುಗೂಡಿಸಿ, ಸೆಪ್ಟೆಂಬರ್ 2ರಂದು ಪ್ರಕಟಿಸಿದರು. ಮಾರ್ಗಸೂಚಿಯೂ ಅದೇ ದಿನ. ಪ್ರಶ್ನೆ ಒಂದೇ, ಅದೂ ಇಕ್ಕಟ್ಟು: ತೀವ್ರ ಕಾಯಿಲೆಯಾದವರಿಗೆ ಸ್ಟೆರಾಯ್ಡ್ ಕೊಟ್ಟರೆ 28 ದಿನಕ್ಕೆ ಎಷ್ಟು ಜನ ಉಳಿಯುತ್ತಾರೆ? ವೇಗವೇನೋ ಇತ್ತು, ಒಪ್ಪಬೇಕು. ಆದರೆ ಆ ವೇಗವೆಲ್ಲ ಹಿಂದಿನ ತಿಂಗಳುಗಳ ತಯಾರಿಯಿಂದ ಬಂದದ್ದು. ತಯಾರಿ ಮಾಡಿಕೊಂಡು ಓಡುವುದರಲ್ಲಿ ಏನು ಸಾಹಸ?

ಪ್ಲಾಸ್ಮಾ ಚಿಕಿತ್ಸೆಯ ವಿಚಾರದಲ್ಲಿ ನಮ್ಮವರು ಈ ಕಳಂಕವನ್ನು ತೊಳೆದರು. ಗುಣವಾದವರ ರಕ್ತದ ತಿಳಿಭಾಗವನ್ನು ರೋಗಿಗೆ ಕೊಡುವ ಈ ಉಪಾಯ 2020ರಲ್ಲಿ ಮಾರ್ಗಸೂಚಿಯ ಒಳಗೆ ಬಂದು ಕೂತಿತು. ಜುಲೈನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಮಾ ಕೊಟ್ಟವರಿಗೆ 5,000 ರೂಪಾಯಿ ಪ್ರೋತ್ಸಾಹಧನ ಸಾರಿತು. ಇದೇ ಹೊತ್ತಿಗೆ ವೈದ್ಯಕೀಯ ಸಂಶೋಧನಾ ಮಂಡಳಿಯೇ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಯಾದೃಚ್ಛಿಕ ಪ್ರಯೋಗ ನಡೆಸುತ್ತಿತ್ತು. ಪ್ಲಾಸಿಡ್ ಎಂದು ಅದರ ಹೆಸರು. ಲೋಕದಲ್ಲೇ ಮೊದಲು ಮುಗಿದ ದೊಡ್ಡ ಪ್ಲಾಸ್ಮಾ ಪ್ರಯೋಗಗಳಲ್ಲಿ ಒಂದು. ಸಾವಾಗಲಿ ಕಾಯಿಲೆ ಬಿಗಡಾಯಿಸುವುದಾಗಲಿ ಕಡಿಮೆಯಾಗಲಿಲ್ಲ ಎಂಬ ಅದರ ಫಲಿತಾಂಶ ಅಕ್ಟೋಬರ್‌ನಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂತು. ನಮ್ಮದೇ ಪ್ರಯೋಗ, ನಮ್ಮದೇ ರೋಗಿಗಳು, ನಮ್ಮದೇ ಉತ್ತರ. ಇಲ್ಲಿ ಆಡಳಿತ ತೋರಿದ ಸಂಯಮವನ್ನು ನೋಡಬೇಕು: ಸೇರಿಸುವಾಗ ಇದ್ದ ಆತುರ ತೆಗೆಯುವಾಗ ಲವಲೇಶವೂ ಇರಲಿಲ್ಲ. ಮಾರ್ಗಸೂಚಿಯಿಂದ ಪ್ಲಾಸ್ಮಾ ಹೊರಬಿದ್ದದ್ದು 2021ರ ಮೇ 17ಕ್ಕೆ. ನಡುವಿನ ಸುಮಾರು ಏಳು ತಿಂಗಳಲ್ಲಿ ಎರಡನೆಯ ಅಲೆ ಬಂದು, ಆಕ್ಸಿಜನ್ ಹುಡುಕುತ್ತಿದ್ದವರೇ ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ‘ಬಿ ಪಾಸಿಟಿವ್ ಪ್ಲಾಸ್ಮಾ ಅರ್ಜೆಂಟ್’ ಎಂದು ವಾಟ್ಸ್ಯಾಪ್ ಗುಂಪುಗಳಲ್ಲಿ ಅಂಗಲಾಚುತ್ತಿದ್ದರು. ಸಮಾಜದಲ್ಲಿ ಪರಸ್ಪರ ಸಂಪರ್ಕ ಅಷ್ಟು ಗಟ್ಟಿಯಾಗಿದ್ದ ಕಾಲ ಇನ್ನೊಂದಿಲ್ಲ. ಪುರಾವೆಯನ್ನು ಬೇಗ ಓದಿಬಿಟ್ಟಿದ್ದರೆ ಅದೆಲ್ಲ ತಪ್ಪಿಹೋಗುತ್ತಿತ್ತು.

ಐವರ್‌ಮೆಕ್ಟಿನ್ ಕಥೆ ಇನ್ನೂ ಚುಟುಕು. 2021ರ ಮೇನಲ್ಲಿ ನಮ್ಮ ನೆರೆಯ ಗೋವಾ, ಹದಿನೆಂಟು ದಾಟಿದ ಎಲ್ಲರಿಗೂ ಆ ಹುಳುವಿನ ಮಾತ್ರೆ ಎಂದು ಘೋಷಿಸಿತು. ಹಲವು ಪ್ರಯೋಗಗಳನ್ನು ಕೂಡಿಸಿ ಆಗ ಓಡಾಡುತ್ತಿದ್ದ ಕೆಲವು ಒಟ್ಟುಲೆಕ್ಕಗಳು ಈಜಿಪ್ಟಿನಿಂದ ಬಂದ ಒಂದು ಪ್ರಿಪ್ರಿಂಟಿನ, ಅಂದರೆ ಪತ್ರಿಕೆಯಲ್ಲಿ ಇನ್ನೂ ಅಚ್ಚಾಗದ ಪ್ರಬಂಧದ, ಮೇಲೆ ಭಾರ ಹಾಕಿದ್ದವು. ಎರಡು ತಿಂಗಳು ಕಳೆದು ದತ್ತಾಂಶದ ಬಗ್ಗೆ ಅನುಮಾನ ಎದ್ದು ಆ ಪ್ರಿಪ್ರಿಂಟ್ ವಾಪಸಾಯಿತು. ಅದನ್ನು ತೆಗೆದು ಕೂಡಿಸಿದರೆ ಲಾಭದ ಬಹುಪಾಲು ಕಾಣೆ. ಹೊತ್ತು ಉಳಿಸಲು ಪಕ್ಷಪಾತ ತೂಗುವ ಹೆಜ್ಜೆಯನ್ನೇ ಹಾರಿದವರಿಗೆ, ಕೆಟ್ಟ ದತ್ತಾಂಶವನ್ನು ಸಂಶಯದಿಂದ ನೋಡಿ ಮನಸ್ಸು ನೋಯಿಸಿದ ಪಾಪವಂತೂ ತಟ್ಟಲಿಲ್ಲ.

ಇಷ್ಟಾದರೂ, ಅವಸರದ ಪರಾಕಾಷ್ಠೆ ಎಂದರೆ ಪರಾಮರ್ಶೆಯನ್ನು ಮಾಡದೇ ಇರುವುದು. ಅದರಷ್ಟು ಬೇಗ ಮುಗಿಯುವ ವಿಧಾನ ಬೇರೊಂದಿಲ್ಲ. ಪಶ್ಚಿಮದ ದೇಶಗಳಲ್ಲಿ ಹಸುಗೂಸುಗಳನ್ನು ಬೋರಲು ಮಲಗಿಸಿ, ಅಂಗಾತ ಮಲಗಿಸಿದರೆ ವಾಂತಿ ಗಂಟಲಿಗೆ ಸಿಕ್ಕೀತು ಎಂದು ಪುಸ್ತಕಗಳು ದಶಕಗಳ ಕಾಲ ಹೇಳಿದವು. ಲಕ್ಷಾಂತರ ತಾಯಂದಿರು ನಂಬಿದ್ದ ಡಾಕ್ಟರ್ ಸ್ಪಾಕ್ ಅವರ ಪುಸ್ತಕವೂ 1950ರ ದಶಕದಿಂದ ಇದನ್ನೇ ಹೇಳುತ್ತ ಬಂತು. ಬೋರಲು ಮಲಗಿದ ಕೂಸುಗಳು ನಿದ್ದೆಯಲ್ಲೇ ಹೆಚ್ಚು ಸಾಯುತ್ತವೆ ಎಂಬುದಕ್ಕೆ 1970ರ ಹೊತ್ತಿಗೇ ಅಧ್ಯಯನಗಳಿದ್ದವು. ಯಾರೂ ಅವನ್ನು ಒಂದೆಡೆ ಇಟ್ಟು ಕೂಡಿಸಲಿಲ್ಲ. ಸಲಹೆ ತಿರುಗಿದ್ದು 1980ರ ದಶಕದ ಕೊನೆಗೆ, 1990ರ ದಶಕದ ಆರಂಭಕ್ಕೆ. 2005ರಲ್ಲಿ ಲಂಡನ್ನಿನ ಸಂಶೋಧಕರು ಹಿಂತಿರುಗಿ ಲೆಕ್ಕ ಹಾಕಿದರು: 1970ರಲ್ಲೇ ಒಂದು ರಿವ್ಯೂ ಮಾಡಿದ್ದರೆ ಬ್ರಿಟನ್ನಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು, ಯುರೋಪ್, ಅಮೆರಿಕ, ಆಸ್ಟ್ರೇಲಿಯಾ ಕಡೆ ಕಡಿಮೆಯೆಂದರೂ ಐವತ್ತು ಸಾವಿರ ಕೂಸುಗಳು ಉಳಿಯಬಹುದಿತ್ತು. 67 ವಾರ ಹಿಡಿಯುವ ರಿವ್ಯೂ ಮಾಡಿದ್ದರೂ ಸಾಕಿತ್ತು. ನಿಧಾನದವರು ಈ ಅಂಕಿಯನ್ನು ಎತ್ತಿ ತೋರಿಸಿ ಬೀಗುತ್ತಾರೆ. ಅವಸರದವರೂ ಇದನ್ನೇ ಎತ್ತಿ ತೋರಿಸುತ್ತಾರೆ, ನೋಡಿ ತಡವಾದರೆ ಏನಾಗುತ್ತದೆ ಎಂದು. ಇಬ್ಬರಿಗೂ ಒದಗುವ ಇಂಥ ಅಂಕಿ ಅಪರೂಪ.

ಅವಸರದವರಿಗೆ ತಾಳ್ಮೆಯೇ ಇಲ್ಲ ಎಂಬ ಆರೋಪಕ್ಕೆ ಮಾತ್ರ ಉತ್ತರ ಕೊಡದೆ ಬಿಡಲಾಗದು. ಒಂದೇ ದಿನದಲ್ಲಿ ಸ್ವೀಕೃತವಾದ ಮಾರ್ಸೇಯ ಆ ಪ್ರಬಂಧದ ವಿರುದ್ಧ ಟೀಕೆಗಳು ಅದು ಬಂದ ವಾರದಿಂದಲೇ ಬರತೊಡಗಿದವು. ಪತ್ರಿಕೆ ಹೊಣೆಗಾರಿಕೆಯಿಂದ ನಡೆದುಕೊಂಡಿತು. ರೋಗಿಗಳ ಒಪ್ಪಿಗೆ ಪಡೆದ ರೀತಿ, ನೈತಿಕ ಅನುಮತಿಯ ತಾರೀಖು, ಎರಡು ಗುಂಪುಗಳ ನಡುವಿನ ವ್ಯತ್ಯಾಸ ಎಲ್ಲವನ್ನೂ ಒಂದೂ ಬಿಡದೆ ವಿಚಾರಿಸಿತು. ಲೇಖಕರಿಗೆ ವಿವರಣೆ ಕೊಡಲು ಅವಕಾಶವನ್ನೂ ಕೊಟ್ಟಿತು. ಅವರಲ್ಲೇ ಮೂವರು ತಮ್ಮ ಹೆಸರು ಇನ್ನು ಇದರಲ್ಲಿ ಬೇಡ ಎಂದು ಬರೆದುಕೊಟ್ಟದ್ದನ್ನೂ ದಾಖಲಿಸಿತು. ಅಷ್ಟರಲ್ಲಿ ಬೇರೆ ಸಂಶೋಧಕರು ಸಾವಿರಾರು ಸಲ ಅದನ್ನು ಉಲ್ಲೇಖಿಸಿ ಆಗಿತ್ತು. ಪ್ರಬಂಧ ವಾಪಸಾದದ್ದು 2024ರ ಡಿಸೆಂಬರ್‌ನಲ್ಲಿ, ನಾಲ್ಕು ವರ್ಷ ಒಂಬತ್ತು ತಿಂಗಳ ಸಾವಧಾನದ ವಿಚಾರಣೆಯ ಬಳಿಕ. ಅಷ್ಟು ಕಾಲದಲ್ಲಿ ಮೂರು ಸಿಸ್ಟಮ್ಯಾಟಿಕ್ ರಿವ್ಯೂ ಒಂದರ ಹಿಂದೆ ಒಂದು ಮುಗಿದು, ನಾಲ್ಕನೆಯದೂ ಮೂರನೇ ಎರಡು ಭಾಗ ಆಗಿರುತ್ತಿತ್ತು.